ಘಾಟಿನ ದಿನಗಳ ಸಿನಿಮಾ

ಆಗಿನ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಊರಿಗೆ ಊರೇ ಕೆಮ್ಮುತ್ತ ಏಳುತ್ತಿತ್ತು. ಪೇಟೆ ಕೂಡುವ ದಿನ ನಸುಕಿನಲ್ಲೇ ಲಾರಿಗಳು ಬಂದು ಚೀಲ ಇಳಿಸುತ್ತಿದ್ದವು. ಚೀಲ ಸುರುವಿ ರಾಶಿ ಮಾಡುವ ಹೊತ್ತಿಗೆ ಕೆಂಪು ಧೂಳು ಎದ್ದು, ಓಣಿ ಓಣಿ ಹೊಕ್ಕು, ಒಣಹಾಕಿದ ಅರಿವೆಯ ಮೇಲೂ ಹಾಲಿನ ಕೆನೆಯ ಮೇಲೂ ಕೂರುತ್ತಿತ್ತು. ನಮ್ಮೂರ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೊಗಳುತ್ತಾರೆ. ಪೇಟೆಯ ಹಿಂದಿನ ಓಣಿಯಲ್ಲಿ ಉಸಿರಾಡಿದವರನ್ನು ಅವರು ಕೇಳಿರಲಿಕ್ಕಿಲ್ಲ. ನಾವು ಅದನ್ನು ಘಾಟು ಎನ್ನುತ್ತಿದ್ದೆವು. ಶಾಲೆಯಲ್ಲಿ ಒಬ್ಬರು ಕೆಮ್ಮಿದರೆ ಸಾಲಾಗಿ ಎಲ್ಲರೂ ಕೆಮ್ಮುತ್ತಿದ್ದೆವು. ಅದೂ ಒಂದು ಆಟ. ಕೆಮ್ಮು ತಡೆದು ಕೊನೆಯವರೆಗೆ ಉಳಿದವರು ಗೆದ್ದಂತೆ.

ಅವ್ವನಿಗೆ ಅದು ಆಟವಾಗಿರಲಿಲ್ಲ. ಅವಳಿಗೆ ದಮ್ಮು ಇತ್ತು. ಘಾಟು ಏರಿದ ದಿನ ಅವಳ ಎದೆಯೊಳಗೆ ಯಾರೋ ಸಣ್ಣ ಪೀಪಿ ಊದಿದಂಥ ಸದ್ದು ಹೊರಡುತ್ತಿತ್ತು. ಒಲೆಯ ಮುಂದೆ ಕುಳಿತು, ಎರಡೂ ಕೈ ನೆಲಕ್ಕೂರಿ, ಕತ್ತು ಮುಂದೆ ಚಾಚಿ ಉಸಿರೆಳೆಯುತ್ತಿದ್ದಳು.

ಈ ಸುದ್ದಿ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅಪ್ಪನ ತಂಗಿ ಗಿರಿಜತ್ತಿ ಮದುವೆಯ ವಯಸ್ಸಿಗೆ ಬಂದಿದ್ದಳು. ಗಂಡು ಹುಡುಕುವುದು ನಡೆದಿತ್ತು. ಬೇರೆ ಮನೆಯಿಂದ ಬಂದ ಸೊಸೆಗೆ ದಮ್ಮು ಇದ್ದರೆ ಮಗಳಿಗೇನು ಸಂಬಂಧ ಎಂದು ಅಪ್ಪ ಒಮ್ಮೆ ಕೇಳಿದ್ದರು. ಅಜ್ಜಿ ಹೇಳಿದ್ದು ನನಗೆ ನೆನಪಿದೆ, ಅಥವಾ ಮನೆಯವರು ಮತ್ತೆ ಮತ್ತೆ ಹೇಳಿದ್ದರಿಂದ ನೆನಪಿದೆ ಎಂದುಕೊಂಡಿದ್ದೇನೆ: "ಯಾರಿಗೈತಿ ಅಂತ ಯಾರು ಕೇಳತಾರೋ? ಆ ಮನ್ಯಾಗ ದಮ್ಮು ಐತಿ ಅಂತಾರ. ಅಷ್ಟಕ್ಕ ಮುಗೀತು."

ಡಾಕ್ಟರು ಮಾತ್ರೆ ಕೊಟ್ಟು, ಘಾಟು ಏಳುವ ದಿನ ಊರಿನಲ್ಲಿ ಇರಬೇಡಿ ಎಂದಿದ್ದರು. ಎಲ್ಲಿಗೆ ಹೋಗುವುದು? ಅಪ್ಪ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ಆ ದಿನವೇ ಅವರಿಗೆ ತಲೆ ಎತ್ತಲೂ ಬಿಡುವಿಲ್ಲ. ಅವ್ವನ ತವರಿನಲ್ಲಿ ತಾಯಿ ಇರಲಿಲ್ಲ. ಸುಗ್ಗಿಯುದ್ದಕ್ಕೂ ಅಲ್ಲಿ ಹೋಗಿ ಕುಳಿತರೆ ಗಂಡನ ಜೊತೆ ಜಗಳವೇ ಎಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ದಾರಿ ಕಂಡುಹಿಡಿದವಳು ಅಜ್ಜಿಯೇ. ಪ್ಯಾಸೆಂಜರ್ ರೈಲು ಹತ್ತಿದರೆ ರಾಣೆಬೆನ್ನೂರು ದೂರವೇನಲ್ಲ. ಅಲ್ಲಿ ಒಬ್ಬ ಹೆಂಗಸು ಯಾರಿಗೂ ಕಾರಣ ಹೇಳದೆ ಮೂರು ತಾಸು ಕುಳಿತಿರಬಹುದಾದ ಜಾಗ ಟಾಕೀಸೊಂದೇ. ಒಬ್ಬಳೇ ಹೋಗುವುದು ಚೆನ್ನಾಗಿರುವುದಿಲ್ಲವೆಂದು ನಾನು ಜೊತೆ. ನನ್ನ ಮಾಸ್ತರರಿಗೆ ಅವ್ವನಿಗೆ ಆರಾಮಿಲ್ಲ ಎಂದು ನಿಜವನ್ನೇ ಹೇಳಿ ರಜೆ ಕೇಳುತ್ತಿದ್ದರು. ಓಣಿಯವರಿಗೂ ಬಳಗಕ್ಕೂ ಹೇಳಿದ್ದು ಬೇರೆ: ಹಿರೇ ಸೊಸೆಗೆ ಸಿನಿಮಾದ ಹುಚ್ಚು, ಏನು ಮಾಡೋದು.

ಆ ಹುಚ್ಚನ್ನು ನಂಬಿಸಲು ಕಥೆ ಬೇಕಾಗುತ್ತಿತ್ತು. ನೀರಿಗೆ ಬಂದ ಹೆಂಗಸರು ಏನು ಸಿನಿಮಾ, ಏನಾಯಿತು ಎಂದು ಕೇಳುತ್ತಿದ್ದರು. ಅವ್ವ ಮಧ್ಯಂತರದ ನಂತರ ಮಲಗಿಬಿಡುತ್ತಿದ್ದಳು. ಆದ್ದರಿಂದ ನೋಡುವ ಕೆಲಸ ನನ್ನದು, ಬರೆಯುವ ಕೆಲಸವೂ ನನ್ನದು. ಹಿಂದಿನ ವರ್ಷದ ಗಣಿತದ ಕಾಪಿಯಲ್ಲಿ ಉಳಿದ ಹಾಳೆಗಳಿಗೆ ಅಡ್ಡಪಟ್ಟಿಯಿಂದ ಗೆರೆ ಹೊಡೆದು, ಸಿನಿಮಾದ ಹೆಸರು, ಊರು, ಕಥೆ, ಕೊನೆಯಲ್ಲಿ 'ಹ್ಯಾಂಗಿತ್ತು' ಎಂದು ನಾಲ್ಕು ಮನೆ ಮಾಡಿದ್ದೆ. ವಾಪಸು ರೈಲಿನಲ್ಲಿ ತೊಡೆಯ ಮೇಲಿಟ್ಟು ಬರೆದು, ಓದಿ ಹೇಳುತ್ತಿದ್ದೆ. ಅವ್ವ ಕಿಟಕಿಗೆ ಮುಖ ಕೊಟ್ಟು ಕೇಳಿಸಿಕೊಂಡು ಬಾಯಿಪಾಠ ಮಾಡುತ್ತಿದ್ದಳು.

ಟಾಕೀಸು ಸಿನಿಮಾ ಬದಲಿಸುವ ಲೆಕ್ಕ ಬೇರೆ, ಬ್ಯಾಡಗಿಯ ಪೇಟೆಯ ಲೆಕ್ಕ ಬೇರೆ. ಒಂದೇ ಸಿನಿಮಾವನ್ನು ಮತ್ತೆ ಮತ್ತೆ ನೋಡುವುದಾಗುತ್ತಿತ್ತು. ಎರಡನೇ ಸಲ 'ಮತ್ತ ಅದ' ಎಂದು ಬರೆದು ಸುಮ್ಮನಾಗುತ್ತಿದ್ದೆ. ಆದರೆ ಹಾಗೆ ನೋಡುವಾಗಲೇ ನನಗೆ ಗಾಬರಿಯಾದದ್ದು. ಮದುವೆಯ ಹಾಡಿನಲ್ಲಿ ಹಸಿರು ಸೀರೆ ಎಂದು ಬರೆದಿದ್ದೆ, ನೋಡಿದರೆ ನೀಲಿ. ಅಣ್ಣ ತಮ್ಮನನ್ನು ಹೊಡೆದ ಎಂದು ಬರೆದಿದ್ದೆ. ಕೈ ಎತ್ತಿ ಇಳಿಸಿದ್ದನಷ್ಟೇ. ಮುಂದೆ ಧಾರವಾಡದಲ್ಲಿ ಎಂ.ಎ. ಓದುವಾಗ ನೆನಪಿನ ಬಗ್ಗೆ ದೊಡ್ಡ ದೊಡ್ಡ ಮಾತು ಕೇಳಿದೆ. ನನ್ನ ಕಣ್ಣನ್ನು ನಾನು ನಂಬದಂತಾದದ್ದು ಆ ಕಾಪಿಯಿಂದಲೇ. ಈಗ ಕಾಪಿಯೂ ಇಲ್ಲ. ಬ್ಯಾಡಗಿಯ ಮನೆ ಬಿಡುವಾಗ ರದ್ದಿಗೆ ಹೋಯಿತು. ಹಾಗಾಗಿ ಇದನ್ನೆಲ್ಲ ಹಸಿರು ಸೀರೆಯೆಂದು ತಿಳಿದೇ ಓದಬೇಕು.

ಒಂದು ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಹೆಂಗಸರ ಕಡೆಯ ಬೆಂಚಿನ ಮೇಲೆ ನಾವು ಕುಳಿತಾಗ ಅವ್ವನ ಎದೆಯ ಪೀಪಿ ಊದುತ್ತಲೇ ಇರುತ್ತಿತ್ತು. ಬೀಡಿಯ ವಾಸನೆ, ಫಿನೈಲ್, ಕಾಲ ಕೆಳಗೆ ಶೇಂಗಾ ಸಿಪ್ಪೆ. ಪರದೆಯ ಮೇಲೆ ಯಾರು ಕುಣಿಯಲಿ ಯಾರು ಅಳಲಿ, ನನ್ನ ಬಲಗಿವಿ ಪೀಪಿಯ ಕಡೆಗೇ. ಮಧ್ಯಂತರಕ್ಕೆ ಮಂಡಕ್ಕಿಯ ಗಿರಮಿಟ್ಟು ಬರುತ್ತಿತ್ತು. ಅವ್ವ ಕಾಗದದ ಪೊಟ್ಟಣ ಬಿಚ್ಚಿ ಹಸಿಮೆಣಸಿನಕಾಯಿ ಚೂರುಗಳನ್ನು ಹೆಕ್ಕಿ ಬೆಂಚಿನ ಕೆಳಗೆ ಹಾಕುತ್ತಿದ್ದಳು, "ಇಲ್ಲೂ ಬೆನ್ನ ಹತ್ಯಾವ ನೋಡ" ಎನ್ನುತ್ತ. ದೀಪ ಮತ್ತೆ ಆರಿದ ಮೇಲೆ ಯಾವಾಗಲೋ ಒಂದು ಹೊತ್ತಿನಲ್ಲಿ ಪೀಪಿ ನಿಲ್ಲುತ್ತಿತ್ತು. ಅವಳ ತಲೆ ನನ್ನ ಭುಜಕ್ಕೆ ಬರುತ್ತಿತ್ತು. ಅಲ್ಲಿಂದ ಮುಂದೆ ನನಗೆ ಸಿನಿಮಾ. ಕಾಪಿಯ ಕೊನೆಯ ಮನೆಯಲ್ಲಿ ನಾನು 'ಚಲೋ' ಎಂದು ಬರೆದದ್ದು ಅವ್ವ ಚೆನ್ನಾಗಿ ಮಲಗಿದ ಸಿನಿಮಾಗಳಿಗೆ. ಪೀಪಿ ನಿಲ್ಲದ ದಿನದ್ದು 'ಬ್ಯಾಸರ'. ಮಳೆಗಾಲದಲ್ಲಿ ಘಾಟೂ ಇಲ್ಲ, ಕಾಪಿಯಲ್ಲಿ ಸಿನಿಮಾವೂ ಇಲ್ಲ. ಸಿನಿಮಾದ ಹುಚ್ಚು ಮಳೆಗಾಲ ಬಂದ ಕೂಡಲೇ ಬಿಟ್ಟುಹೋಗುವುದು ಹೇಗೆ ಎಂದು ಯಾರೂ ಕೇಳಲಿಲ್ಲ.

ಅಂಥದೊಂದು ಸುಗ್ಗಿಯಲ್ಲೇ ಗುತ್ತಲದ ಕಡೆಯಿಂದ ಗಿರಿಜತ್ತಿಗೆ ಒಂದು ಗಂಡು ಗೊತ್ತಾಯಿತು. ಹೊಲ ಇದ್ದ ಮನೆ, ಒಳ್ಳೆಯವರು. ಹೇಗೂ ಕಾಯಿ ಮಾರಲು ಬ್ಯಾಡಗಿಗೆ ಬರುವುದಿದೆ, ಆವತ್ತೇ ಹೆಣ್ಣನ್ನೂ ನೋಡಿಕೊಂಡು ಹೋಗುತ್ತೇವೆ ಎಂದು ಹೇಳಿಕಳಿಸಿದರು. ಅಂದರೆ ಪೇಟೆಯ ದಿನವೇ. ಅಜ್ಜಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹಿರಿಯ ಸೊಸೆ ಶಿರಾ ಮಾಡಬೇಕು, ಬಡಿಸಬೇಕು, ಬಂದವರ ಮುಂದೆ ಓಡಾಡಬೇಕು. ಮಾಡುತ್ತ ಮಾಡುತ್ತ ಪೀಪಿ ಶುರುವಾದರೆ? ಕೊನೆಗೆ ಅಜ್ಜಿ ಅವ್ವನನ್ನು ಕರೆದು, ಬೆಳಗಿನ ರೈಲಿಗೆ ಹೋಗಿಬಿಡು, ಅವರು ಹೋದ ಮೇಲೆ ಸಂಜೆ ಬಾ ಎಂದಳು. ಹೆಣ್ಣು ನೋಡುವ ದಿನ ಅಣ್ಣನ ಹೆಂಡತಿ, ವೈನಿಯಾದವಳು, ಸಿನಿಮಾಕ್ಕೆ ಹೋದಳೆಂದರೆ ಬಂದವರು ಏನೆಂದಾರು ಎಂದು ಗಿರಿಜತ್ತಿ ಅತ್ತಳು. "ಹುಚ್ಚಿ ಅಂತಾರ. ಅನ್ಲಿ," ಎಂದಳು ಅಜ್ಜಿ. ಅವ್ವ ನಸುಕಿನಲ್ಲೆದ್ದು ಶಿರಾ ಮಾಡಿಟ್ಟು, ನನ್ನ ಜಡೆ ಹಾಕಿ, ಹೊರಟಳು.

ಆವತ್ತಿನ ಸಿನಿಮಾದ ಮೊದಲರ್ಧದಲ್ಲಿ ಒಂದು ದೊಡ್ಡ ಮನೆ ಒಡೆಯುತ್ತದೆ. ಎರಡನೆಯ ಅರ್ಧದಲ್ಲಿ ತಾಯಿ ಸಾಯುತ್ತಾಳೆ, ಮಕ್ಕಳು ಹೆಣದ ಮುಂದೆ ಒಂದಾಗುತ್ತಾರೆ. ತಾಯಿ ಸಾಯುವಾಗ ಅವ್ವ ನನ್ನ ಭುಜದ ಮೇಲೆ ಗಾಢ ನಿದ್ದೆಯಲ್ಲಿದ್ದಳು.

ಸಂಜೆ ಮನೆಗೆ ಬಂದಾಗ ಬಾಡಿಗೆ ಜೀಪು ಇನ್ನೂ ಬಾಗಿಲ ಮುಂದೆಯೇ ನಿಂತಿತ್ತು. ತೂಕ ಮುಗಿಯದೆ ಅವರ ಗಂಡಸರು ಪೇಟೆಯಲ್ಲೇ ಉಳಿದಿದ್ದರು. ಹೆಂಗಸರು ನಮ್ಮ ಪಡಸಾಲೆಯಲ್ಲಿ. ತಿರುಗಿ ಹೋಗಿಬಿಡೋಣವೇ ಎಂಬಂತೆ ಅವ್ವ ನನ್ನ ಕೈ ಹಿಡಿದು ನಿಂತಳು. ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿತು. ಒಬ್ಬರದಲ್ಲ.

ಒಳಗೆ ಹೋದರೆ ವರನ ತಾಯಿ ನೀರಿನ ತಂಬಿಗೆ ಹಿಡಿದು ಗೋಡೆಗೆ ಒರಗಿದ್ದರು. ವರನ ದೊಡ್ಡವ್ವ, ಗಟ್ಟಿ ಮೈಯ ಹೆಂಗಸು, ಸೆರಗನ್ನು ಮೂಗಿಗೆ ಒತ್ತಿಕೊಂಡು ಧಾರಾಕಾರ ಕಣ್ಣೀರು ಸುರಿಸುತ್ತಿದ್ದರು. ಅಜ್ಜಿ ಬೀಸಣಿಗೆ ಬೀಸುತ್ತ ತಾನೂ ಕೆಮ್ಮುತ್ತಿದ್ದಳು. ಹೊಲದಲ್ಲಿ ಕಾಯಿ ಬಿಡಿಸಿ ಬೆಳೆದವರೇ ಅವರು. ಪೇಟೆಯ ಘಾಟು ಬೇರೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಹೊರಗಿನಿಂದ ಬಂದವರು ನಮಗಿಂತ ಹೆಚ್ಚು ಕೆಮ್ಮುತ್ತಾರೆ ಎಂಬುದನ್ನು ನಾವು ಅಲ್ಲೇ ಇದ್ದು ಇದ್ದು ಮರೆತಿದ್ದೆವು. ಆ ಪಡಸಾಲೆಯಲ್ಲಿ ಆಗ ನೆಟ್ಟಗೆ ಉಸಿರಾಡುತ್ತಿದ್ದವಳು ಅವ್ವ ಒಬ್ಬಳೇ.

ದೊಡ್ಡವ್ವ ಸೆರಗು ಸರಿಸಿ ಅವಳನ್ನು ನೋಡಿದರು. "ನೀನ ಏನವಾ ಸಿನಿಮಾಕ್ಕ ಹೋದಾಕಿ? ನಮ್ಮನ್ನೂ ಕರಕೊಂಡ ಹೋಗಬೇಕಿತ್ತವಾ ತಂಗಿ. ಇಲ್ಲಿ ಜೀವ ಹೋಗಾಕತ್ತೈತಿ."

ಯಾರೋ ನಕ್ಕರು. ಆಮೇಲೆ ದೊಡ್ಡವ್ವ ಕಥೆ ಕೇಳಿದರು. ನಾನು ಹೇಳಲು ಬಾಯಿ ತೆರೆದೆ. "ನೀ ತಡಿ, ನಿಮ್ಮವ್ವ ಹೇಳಲಿ," ಎಂದು ನನ್ನನ್ನು ಕೂರಿಸಿದರು. ಆ ದಿನ ರೈಲಿನಲ್ಲಿ ಜಾಗ ಸಿಗದೆ ನಿಂತೇ ಬಂದಿದ್ದೆವು. ನಾನು ಬರೆದಿರಲೂ ಇಲ್ಲ, ಹೇಳಿರಲೂ ಇಲ್ಲ.

ಅವ್ವ ಬಾಗಿಲ ಬಳಿಯೇ ಕುಳಿತು ಶುರುಮಾಡಿದಳು. ಮನೆ ಒಡೆಯುವವರೆಗೆ ಸರಿಯಾಗಿಯೇ ಹೇಳಿದಳು; ಒಲೆ ಬೇರೆಯಾದದ್ದು, ಕಿರಿಯ ಸೊಸೆ ಬೀಗದ ಕೈ ಎಸೆದದ್ದು. ಅವಳು ಎಚ್ಚರವಿದ್ದು ನೋಡಿದ್ದು ಅಲ್ಲಿಯವರೆಗೆ. ಆಮೇಲೆ ಅವಳು ನೆಲ ನೋಡುತ್ತ, ತಾಯಿಗೆ ಆರಾಮಿಲ್ಲದೆ ಹೋಯಿತು, ಹಿರಿಯ ಮಗ ಬಂದು ನೋಡಿದ ಎಂದಳು.

"ಸತ್ತಳೇನು?" ದೊಡ್ಡವ್ವ ಕೇಳಿದರು.

"ಇಲ್ಲರಿ. ಮಗ ಎತ್ತಿಕೊಂಡ ಹೋದ. ದೂರ ಗುಡ್ಡದ ಬದಿಗೆ ಒಂದು ಊರು. ಗಾಳಿ ಭಾಳ ಚಲೋ ಇತ್ತರಿ ಅಲ್ಲಿ. ಅಲ್ಲೇ ಮನಿ ಮಾಡಿದ್ರು. ಒಬ್ಬೊಬ್ಬರ ಬಂದು ಎಲ್ಲಾರೂ ಅಲ್ಲೇ ಸೇರಿದ್ರು."

ಹೆಂಗಸರು ಕೆಮ್ಮು ಮರೆತು ಕೇಳುತ್ತಿದ್ದರು. ವರನ ತಾಯಿ ತಂಬಿಗೆ ಕೆಳಗಿಟ್ಟು, ಹೀಗೆ ಮುಗಿದರೇ ನೋಡಲು ಮನಸ್ಸಾಗುತ್ತದೆ ಎಂದರು. ಅವ್ವ ಎದ್ದು ಒಳಗೆ ಹೋದ ಮೇಲೆ ಪೀಪಿ ಶುರುವಾಯಿತು. ಅಷ್ಟರಲ್ಲಿ ಪಡಸಾಲೆಯೂ ಮತ್ತೆ ಕೆಮ್ಮತೊಡಗಿತ್ತು. ಯಾರ ಸದ್ದು ಯಾವುದೆಂದು ಯಾರಿಗೆ ತಿಳಿಯಬೇಕು?

ಸಂಬಂಧ ಗಟ್ಟಿಯಾಯಿತು. ಜೀಪು ಹೋದ ಮೇಲೆ ಅಜ್ಜಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. "ಎಲ್ಲಾರೂ ಕೆಮ್ಮತಿದ್ರು. ನೀ ಇದ್ದಿದ್ರೂ ನಡೀತಿತ್ತವಾ," ಎಂದಳು. ಅವ್ವ ಕೈಯೂರಿ ಕುಳಿತಿದ್ದಳು. "ಹೋದದ್ದ ಚಲೋ ಆತ್ರಿ. ನಿದ್ದಿ ಬಂತು," ಎಂದಳು.

ಆ ಜೀಪು, ಆ ತಂಬಿಗೆ ಎಷ್ಟರಮಟ್ಟಿಗೆ ನಿಜವೋ ಗೊತ್ತಿಲ್ಲ. ಗಿರಿಜತ್ತಿ ಕೇಳಿದರೆ ಬಂದದ್ದು ಬಸ್ಸಿನಲ್ಲಿ ಎನ್ನುತ್ತಾಳೆ. ಆ ಸಿನಿಮಾದ್ದೂ ಹಾಗೇ. ಈಗ ನೆನೆದರೆ ಹೆಣದ ಮುಂದೆ ಅಳುವ ಮಕ್ಕಳು ಕಾಣುವುದಿಲ್ಲ, ಗುಡ್ಡದ ಬದಿಯ ಊರೇ ಕಾಣುತ್ತದೆ. ಮನೆಗಳ ಬಣ್ಣ ಕೂಡ ಹೇಳಬಲ್ಲೆ. ಅಂಥ ಊರಿಗೆ ನಾವು ಹೋಗಲಿಲ್ಲ. ಅಪ್ಪ ಇರುವವರೆಗೂ ಪೇಟೆ ಬಿಡಲಿಲ್ಲ. ಅವರು ತೀರಿಕೊಂಡ ಮೇಲೆಯೇ ಅವ್ವ ಹಾವೇರಿಗೆ ನನ್ನ ಮನೆಗೆ ಬಂದದ್ದು. ಗಿರಿಜತ್ತಿಯ ಮದುವೆಯಾದ ಮೇಲಾದರೂ ನಿಜ ಹೇಳಬಹುದಿತ್ತು. ಯಾರೂ ಹೇಳಲಿಲ್ಲ. ಹೋದ ತಿಂಗಳು ಗುತ್ತಲದಲ್ಲಿ ಗಿರಿಜತ್ತಿಯ ಮೊಮ್ಮಗಳ ಹೆಸರಿಡುವ ದಿನ ಯಾರೋ ಹೊಸ ಸೊಸೆಗೆ ಅವ್ವನನ್ನು ತೋರಿಸಿ, "ಇವರ ನೋಡವಾ, ಸಿನಿಮಾ ವೈನಿ," ಎಂದರು. ಅವ್ವ ನಕ್ಕು ಮಗುವಿನ ಕೈಗೆ ನೋಟು ಹಿಡಿಸಿದಳು. ಬಸ್ಸಿನಲ್ಲಿ ಬರುವಾಗ ನಾನು ಕೇಳಿದೆ, ಈಗಲಾದರೂ ಹೇಳಬಾರದೇ ಎಂದು. "ಯಾರಿಗೆ ಹೇಳತಿ? ಕೇಳೋರು ಯಾರದಾರ?" ಎಂದು ಕಣ್ಣು ಮುಚ್ಚಿದಳು.

ಈ ವರ್ಷ ನಾನು ಮತ್ತೆ ಸಿನಿಮಾಗಳ ಪಟ್ಟಿ ಇಟ್ಟಿದ್ದೇನೆ, ಫೋನಿನಲ್ಲಿ. ಕಚೇರಿಯಿಂದ ಬಂದು, ಊಟ ಮಾಡಿ, ಬೆನ್ನಿಗೆ ದಿಂಬು ಕೊಟ್ಟು ನೋಡುತ್ತೇನೆ. ಹೆಸರು, ದಿನ, ಎಷ್ಟು ನಕ್ಷತ್ರ ಎಲ್ಲ ಇವೆ. ಗೆರೆ ಹೊಡೆಯುವ ಕೆಲಸವಿಲ್ಲ, ಹಸಿರು ನೀಲಿ ತಪ್ಪುವ ಭಯವಿಲ್ಲ. ಬೇಕಾದರೆ ಹಿಂದೆ ಸರಿಸಿ ನೋಡಬಹುದು. ಸರಿಸಿ ನೋಡುವಷ್ಟು ಯಾವುದೂ ಮನಸ್ಸಿನಲ್ಲಿ ಉಳಿದಿಲ್ಲ. ರಾಣೆಬೆನ್ನೂರಿನ ಆ ಟಾಕೀಸು ಈಗ ಗೋದಾಮು. ಅವ್ವನ ಕೈಯಲ್ಲಿ ಒತ್ತಿದರೆ ಔಷಧಿ ಬರುವ ಡಬ್ಬಿಯಿದೆ. ಪೀಪಿ ನಿಂತು ವರ್ಷಗಳಾದವು. ಅದು ಸಂತೋಷದ ಮಾತೇ, ನನಗೆ ಗೊತ್ತು. ಆದರೂ ಹೇಳಬೇಕು, ಆಗ ಕತ್ತಲೆಯಲ್ಲಿ ಆ ಸದ್ದು ನಿಂತ ಕೂಡಲೇ ಪರದೆಯ ಮೇಲಿನ ಎಲ್ಲವೂ ನನಗೆ ಚೆಂದ ಕಾಣುತ್ತಿತ್ತು. ಈಗ ಸಿನಿಮಾ ಶುರುವಾಗುತ್ತದೆ, ಮುಗಿಯುತ್ತದೆ. ನಡುವೆ ಎಲ್ಲಿಂದ ಚೆಂದವಾಗಬೇಕು ಎಂದು ತಿಳಿಯುವುದಿಲ್ಲ.

ಮೊನ್ನೆ ಭಾನುವಾರ ಮಧ್ಯಾಹ್ನ ಅವ್ವ ಮಂಚದ ಮೇಲೆ ಅಡ್ಡಾಗಿದ್ದಳು. ನಿನ್ನೆ ಏನು ನೋಡಿದೆ ಎಂದು ಕೇಳಿದಳು. ಹೆಸರು ಹೇಳಿದೆ.

"ಏನಾತು ಕಥಿ?"

ನೆನಪಾಗಲಿಲ್ಲ. ಒಂದು ಕಾರು, ಮಳೆ, ಯಾರೋ ಓಡುವುದು.

"ಬರದಿಟ್ಟಿರತೀಯಲ್ಲ, ನೋಡಿ ಹೇಳ," ಎಂದಳು.

ಫೋನು ತೆಗೆದು ನೋಡಿದೆ. ಹೆಸರು, ದಿನ, ಮೂರು ನಕ್ಷತ್ರ. ಅವ್ವ ಕಣ್ಣು ಮುಚ್ಚಿ ಕಾಯುತ್ತಿದ್ದಳು, ರೈಲಿನ ಕಿಟಕಿಗೆ ಮುಖ ಕೊಟ್ಟು ಕಾಯುತ್ತಿದ್ದ ಹಾಗೆಯೇ. ಒಂದು ದೊಡ್ಡ ಮನೆ ಇತ್ತವ್ವ, ಎಂದು ಶುರುಮಾಡಿದೆ. ಗುಡ್ಡದ ಬದಿಯ ಊರು ಬರುವ ಮೊದಲೇ ಅವಳಿಗೆ ನಿದ್ದೆ ಹತ್ತಿತು.