ಸೀರೆಯಂಗಡಿಯಲ್ಲಿ ಮಾಳಮ್ಮನ ಸಂದರ್ಶನ

ಮಿತ್ರರೇ, ಈ ಬೆಳಿಗ್ಗೆ ನಾರಾಯಣಪೇಟೆಯ ಸೀರೆಯಂಗಡಿಯೊಂದರ ಗಾದಿಯ ಮೇಲೆ ಕುಳಿತು ಮಡದಿಗಾಗಿ ಸೀರೆ ನೋಡುತ್ತಿದ್ದೆ. ಆಗ ನನ್ನ ಹಳೆಯ ವಿದ್ಯಾರ್ಥಿನಿ ಮಾಳಮ್ಮ ಒಳಗೆ ಬಂದಳು. ಹುಟ್ಟಿನಿಂದಲೇ ಅವಳ ಎಡಗಾಲಿಗೆ ಬಲವಿಲ್ಲ. ಊರುಗೋಲನ್ನು ಚಪ್ಪಲಿಗಳ ಬಳಿ ಒರಗಿಸಿ, ಗಾದಿಯ ಅಂಚಿನಲ್ಲಿ ಕುಳಿತು, ತಾನು ಬಿ.ಕಾಂ. ಮುಗಿಸಿರುವುದಾಗಿಯೂ ಕೆಲಸ ಬೇಕಾಗಿರುವುದಾಗಿಯೂ ತಿಳಿಸಿದಳು. ಮಕ್ತಲ್, ಗದ್ವಾಲ ಊರುಗಳ ಅಂಗಡಿಗಳಲ್ಲಿ ಅವಳ ಕಾಲನ್ನು ನೋಡಿಯೇ ಕೆಲಸವಿಲ್ಲವೆಂದಿದ್ದರಂತೆ.

"ಲೆಕ್ಕ ಬಂದ್ರ ಸಾಲದವ್ವ, ಸೀರಿನೂ ಮಾರಬೇಕು. ದಿನಾಪೂರ್ತಿ ನಿಂದ್ರಾಕ ನಿನಗ ಆಗಂಗಿಲ್ಲ" ಎಂದರು ಅಂಗಡಿಯ ಸೇಠರು, ದಿಂಬಿಗೆ ಒರಗಿದಂತೆಯೇ.

ಮಾಳಮ್ಮ ಸುತ್ತಲೂ ನೋಡಿದಳು. "ಇಲ್ಲಿ ನಿಂತವ್ರು ಯಾರದಾರ್ರಿ ಸೇಠ್‌ಜಿ? ನೀವು ಕುಂತೀರಿ, ಗಿರಾಕಿ ಕುಂತಾರ, ನಮ್ಮ ಮಾಸ್ತರೂ ಚಕ್ಕಳಮಕ್ಕಳ ಹಾಕ್ಕೊಂಡು ಕುಂತಾರ."

ಗಿರಾಕಿಗಳೆಲ್ಲ ನಕ್ಕರು. ಸೇಠರು ಸುಲಭವಾಗಿ ಬಿಡುವವರಲ್ಲ. "ಮ್ಯಾಲಿನ ಖಾನೇದಾಗಿನ ಸೀರಿ ಯಾರು ಇಳಸ್ತಾರ?"

"ಕೆಳಗಿನವು ನಾ ತೋರಸ್ತೀನ್ರಿ. ಮ್ಯಾಲಿನವು ನೀವು ಇಳಿಸಿಕೊಡ್ರಿ. ನಿಮ್ಮ ಮೈಯೂ ಹಗುರಾಗ್ತೈತಿ."

ಕೆಲಸ ಕೇಳಲು ಬಂದವರು ಹೀಗೆ ತಲೆಯೆತ್ತಿ ಮಾತನಾಡಿದ್ದನ್ನು ನಾನು ಕಂಡಿರಲಿಲ್ಲ. ಅವಳಿಗೆ ಪಾಠ ಹೇಳಿದವನೆಂಬ ಹೆಮ್ಮೆ ನನಗುಂಟಾಯಿತು.

"ಭಾಳ ಮಾತಾಡ್ತೀಯವ್ವ. ಮೊದಲು ನಿಮ್ಮ ಮಾಸ್ತರಿಗೆ ಒಂದು ಸೀರಿ ಮಾರಿ ತೋರಸು" ಎಂದರು ಸೇಠರು.

ಮಾಳಮ್ಮ ಗಾದಿಯ ಮೇಲೆ ನನ್ನತ್ತ ಸರಿದು ಬಂದಳು. ನನ್ನ ಮಡದಿಯ ಮೈಬಣ್ಣವನ್ನು ನೆನಪಿಸಿಕೊಂಡು, ಚೌಕುಳಿಯ ಸೀರೆಯೊಂದನ್ನು ಆರಿಸಿ, ಸೆರಗು ಬಿಡಿಸಿ ಹರಡಿದಳು. ನಾನು ಚೌಕಾಸಿ ಮಾಡುವುದನ್ನೇ ಮರೆತೆ.

ನಾಳೆಯಿಂದ ಅವಳಿಗೆ ಅಲ್ಲಿಯೇ ಕೆಲಸ. ಒಂದು ಸೀರೆಗೆಂದು ಹೋದ ನಾನು ಎರಡನ್ನು ತಂದಿದ್ದೇನೆ. ಎರಡನೆಯದು ಮೇಲಿನ ಖಾನೆಯದು. ಸ್ಟೂಲು ಹತ್ತಿ ಅದನ್ನು ಇಳಿಸಿಕೊಟ್ಟವರು ಸ್ವತಃ ಸೇಠರು.