ಸಂಗಣ್ಣ ತೊಳೆದದ್ದು

ಹೆಣ ಕೊಯ್ಯುವ ಕೋಣೆಯಲ್ಲಿ ದುಡಿಯುವವನನ್ನು ಊರು ಮದುವೆಯೂಟಕ್ಕೆ ಕರೆಯುವುದಿಲ್ಲ. ಕರೆದರೂ ಪಕ್ಕದಲ್ಲಿ ಯಾರೂ ಕೂಡುವುದಿಲ್ಲ. ಕುರಕುಂಟಾದ ಸಂಗಣ್ಣ ಇಪ್ಪತ್ತಾರು ವರ್ಷ ಇದನ್ನೆಲ್ಲ ನುಂಗಿಕೊಂಡವನು. ಶವಾಗಾರದಲ್ಲಿ ಅವನದೊಂದು ನೇಮವಿತ್ತು. ಡಾಕ್ಟರು ಬರುವುದರೊಳಗೆ ಹೆಣದ ಮೇಲಿನ ಹುಳಗಳನ್ನೆಲ್ಲ ಫಿನಾಯಿಲ್ ನೀರಿನಿಂದ ತೊಳೆದು ಮೋರಿಗೆ ಬಿಡುತ್ತಿದ್ದ. ಬಾಗಿಲಲ್ಲಿ ನಿಂತ ತಾಯಂದಿರ ಕಣ್ಣಿಗೆ ಅವು ಬೀಳಬಾರದೆಂಬುದು ಅವನ ಹಟ. ಡಾಕ್ಟರುಗಳಿಗೂ ಕೋಣೆ ನಾರದಿದ್ದರೆ ಸಾಕಿತ್ತು, ಹುಳದ ಗೊಡವೆ ಯಾರಿಗೆ ಬೇಕು!

ಹೋದ ವರ್ಷ ಬಿರುಬೇಸಿಗೆಯ ಒಂದು ಬುಧವಾರ ಬೆಳಿಗ್ಗೆ ಬಂದ ಹೆಣ ಅವನ ತಂಗಿ ಗುಂಡಮ್ಮನ ಮಗಳು ದೇವಿಕಾಳದು. ಶಹಾಬಾದ್ ಕಡೆಯ ಹಾಳುಬಿದ್ದ ಕಲ್ಲುಗಣಿಯಲ್ಲಿ ತಲೆಯೊಡೆದು ಬಿದ್ದಿದ್ದಳು. ಗಂಡ ಅಶೋಕಕುಮಾರ ಭಾನುವಾರ ನಸುಕಿನಲ್ಲೇ ವಾಡಿಯಿಂದ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗಿದ್ದನಂತೆ. ಮಂಗಳವಾರವೂ ಸೊಸೆ ನೀರು ತಂದಳೆಂದು ಅವನ ತಾಯಿ ಹೇಳಿದಳು. ಗುಂಡಮ್ಮ ಬಾಗಿಲು ಬಡಿಯುತ್ತಿದ್ದಳು, ಡಾಕ್ಟರು ಇನ್ನೂ ಬಂದಿರಲಿಲ್ಲ. ಸಂಗಣ್ಣ ಅಳುತ್ತಲೇ ತೊಳೆದ. ಬೇರೆಯವರ ಮಕ್ಕಳಿಗೆ ಎರಡು ಬಕೆಟ್ ನೀರಾದರೆ, ತನ್ನ ತಂಗಿಯ ಮಗಳಿಗೆ ಏಳು. ಕಿವಿಯ ಸಂದಿಯನ್ನೂ ಬಿಡಲಿಲ್ಲ. ಆಮೇಲೆ ಬಂದ ಡಾಕ್ಟರು ಕಂಡದ್ದನ್ನೇ ಬರೆದರು: ಹುಳುಗಳು ಕಂಡುಬಂದಿಲ್ಲ.

ಕೊಲೆಯ ಆರೋಪ ಗಂಡನ ಮೇಲೆ ಬಂತು, ಆ ಒಂದು ಸಾಲನ್ನು ಅವನ ವಕೀಲ ಹಿಡಿದುಕೊಂಡ. ಹುಳವೇ ಬೀಳದ ಹೆಣ ಎಷ್ಟು ಹಳೆಯದಿದ್ದೀತು? ಸತ್ತದ್ದು ಮಂಗಳವಾರವೇ, ಗಂಡ ಆಗ ಸೊಲ್ಲಾಪುರದಲ್ಲಿದ್ದ. ಅಶೋಕಕುಮಾರ ಬಿಡುಗಡೆಯಾಗಿ ಎದೆಯುಬ್ಬಿಸಿಕೊಂಡು ಹೊರಬಂದ, ಅವನ ಮೋರೆಗಿಷ್ಟು ಬೆಂಕಿ ಹಾಕ.

ಈ ವರ್ಷ ಆಸ್ಪತ್ರೆಯಲ್ಲಿ ತರಬೇತಿ ನಡೆಯಿತು. ಪ್ರಯೋಗಾಲಯದಿಂದ ಬಂದಿದ್ದ ಶಗುಫ್ತಾ ಸೂಕ್ಷ್ಮದರ್ಶಕದ ಕೆಳಗೆ ನೊಣದ ಮರಿಹುಳ ಇಟ್ಟು ಸಂಗಣ್ಣನನ್ನೂ ಕರೆದಳು.

"ಬರ್ರಿ ಕಾಕಾ, ನೋಡ್ರಿ. ಇದು ಹುಳದ ಹಿಂಭಾಗ. ಎರಡು ಉಸಿರುಗುಂಡಿ ಕಾಣ್ತಾವಲ್ಲ, ಒಂದೊಂದರಾಗ ಎಷ್ಟು ಸೀಳು ಅದಾವ?"

ಸಂಗಣ್ಣ ಕಣ್ಣು ಕಿರಿದು ಮಾಡಿ ಎಣಿಸಿದ. "ಮೂರು ಅದಾವ್ರಿ."

"ಎರಡಿದ್ರ ಎಳೀದು, ಮೂರಿದ್ರ ಬಲತದ್ದು. ನಮ್ಮ ಬ್ಯಾಸಿಗ್ಯಾಗೂ ಒಂದೇ ದಿನದಾಗ ಮೂರು ಸೀಳು ಆಗಂಗಿಲ್ಲ, ಎರಡು ದಿನದ ಮ್ಯಾಲೇ ಬೇಕು. ಹೆಣ ಎಂದಿಂದು ಅಂತ ಇದೇ ಹೇಳ್ತದ."

ಸಂಗಣ್ಣ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದ. "ಹೆಬ್ಬೆರಳ ಉಗುರಿನಷ್ಟು ಉದ್ದ ಇದ್ವಂದ್ರ ಮೇಡಂ?"

"ಬಹುಶಃ ಮೂರೇ ಸೀಳು. ಆದ್ರ ಬರೇ ನೆನಪು ಕೋರ್ಟಿಗಿ ನಡ್ಯಂಗಿಲ್ಲ, ಹುಳ ಬೇಕು. ತಗದಿಟ್ಟೀರೇನು?"

"ತೊಳದೀನ್ರಿ" ಎಂದ ಸಂಗಣ್ಣ. ಅಲ್ಲಿ ನಿಲ್ಲಲಾಗದೆ ಹೊರಗೆ ಬಂದು ಗೋಡೆಗೆ ಹಣೆ ಚಚ್ಚಿಕೊಂಡ. ಬುಧವಾರಕ್ಕೇ ಹುಳ ಅಷ್ಟು ಬಲಿತಿದ್ದರೆ ದೇವಿಕಾ ಮಂಗಳವಾರ ಬದುಕಿರಲೇ ಇಲ್ಲ, ಅವಳ ಅತ್ತೆ ಹೇಳಿದ್ದು ಸುಳ್ಳು. ಕೊಂದವನನ್ನು ಕೈಯಾರೆ ಬಿಡಿಸಿದವನು ತಾನೇ. ವಕೀಲನನ್ನು ಬೈದಿದ್ದ, ಪೊಲೀಸರನ್ನು ಬೈದಿದ್ದ, ದೇವರನ್ನೂ ಬಿಟ್ಟಿರಲಿಲ್ಲ. ಇನ್ನು ಬೈಯಲು ಉಳಿದವನು ಒಬ್ಬನೇ.

ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಬಸ್ಸು ಹತ್ತಿ ತಂಗಿಯ ಊರು ಚಿಮ್ಮನಚೋಡಕ್ಕೆ ಹೋದ. ತೊಗರಿ ಹಸನು ಮಾಡುತ್ತಿದ್ದ ಗುಂಡಮ್ಮನ ಎದುರು ನೆಲದ ಮೇಲೆ ಕೂತು ಒಂದನ್ನೂ ಮುಚ್ಚಿಡದೆ ಹೇಳಿದ. ಬಡಿಯಲಿ, ಉಗುಳಲಿ, ಹೊರಗೆ ದಬ್ಬಲಿ ಎಂದೇ ಬಂದಿದ್ದ. ಅವಳು ಅದೇನನ್ನೂ ಮಾಡಲಿಲ್ಲ.

"ಹುಳಾ ಬಿದ್ದಿದ್ವಾ ಅಣ್ಣಾ?" ಎಂದಳು.

"ಬಿದ್ದಿದ್ವು ತಂಗೆವ್ವಾ."

"ದೊಡ್ಡವ?"

ಸಂಗಣ್ಣ ಹೌದೆಂದು ತಲೆಯಾಡಿಸಿದ. ಅವಳು ಮೊರವನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು.

"ನನ್ನ ಕೂಸಿನ ಮಾರಿ ಚಂದ ಇತ್ತು ಅಂತ ಇಷ್ಟು ದಿನ ಜೀವಾ ಹಿಡಕೊಂಡಿದ್ದೆ. ಇದನ್ನ ಯಾಕರೆ ಹೇಳಿದ್ಯೋ ಅಣ್ಣಾ" ಎಂದಳು.