ಖೊಟ್ಟಿ ಎಂದು ಪಕ್ಕಕ್ಕಿಟ್ಟ ರೂಪಾಯಿ

ಮೊಮ್ಮಗಳ ಲಿಂಗಧಾರಣೆಗೆ ಬೆಳ್ಳಿಯ ಕರಡಿಗೆಯೇ ಆಗಬೇಕೆಂದು ಅವ್ವ ಹಟ ಹಿಡಿದಿದ್ದಳು. ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟುವ ಆ ಪುಟ್ಟ ಭರಣಿಗಾಗಿ, ಅಜ್ಜಿಯಿಂದ ಬಂದ ಏಳು ಬೆಳ್ಳಿ ರೂಪಾಯಿಗಳನ್ನು ಕರಗಿಸುವುದೆಂದು ತೀರ್ಮಾನವೂ ಆಗಿತ್ತು. ನನಗೆ ಮಾತ್ರ ಮನಸ್ಸಿರಲಿಲ್ಲ. ಮೊದಲು ತಿಳಿದವರೊಬ್ಬರಿಗೆ ತೋರಿಸೋಣ ಎಂದು ಗೋಗರೆದು ಅವಳನ್ನು ಬಾಗಲಗುಂಟೆಗೆ ಕರೆದುಕೊಂಡು ಹೋದೆ.

ಅಲ್ಲಿದ್ದವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸಿ ನಿವೃತ್ತರಾದವರು. ಈಗ ಹಳೆಯ ನಾಣ್ಯ ಕೂಡಿಡುವವರೆಲ್ಲ ಬೆಲೆ ಕೇಳಲು ಅವರ ಮನೆಗೇ ಬರುತ್ತಾರೆ. ಅವ್ವ ಗಂಟು ಬಿಚ್ಚಿದಳು. ಏಳೂ ಫಳಫಳ. ಅವರ ಮುಖ ಮಾತ್ರ ಇಳಿದುಹೋಯಿತು.

"ಇದನ್ನ ಉಜ್ಜಿದ್ಯಾರಮ್ಮಾ?"

"ನಾನ ರೀ. ಮುಂಜಾನಿಂದ ಈಭೂತಿ ಹಚ್ಚಿ ತಿಕ್ಕೇನಿ. ಮಂದಿ ಮನೀಗೆ ಹೊಲಸು ತರೂದು ಹೆಂಗ?"

"ರಾಜನ ಮೂಗೇ ಸವೆಸ್ಬಿಟ್ಟಿದ್ದೀರಲ್ಲಮ್ಮಾ! ಸಂಗ್ರಹ ಮಾಡೋರಿಗೆ ವರ್ಷಗಟ್ಟಲೆ ಕೂತ ಆ ಕಪ್ಪೇ ಬೇಕು. ಇವಕ್ಕೆ ಈಗ ಬೆಳ್ಳಿ ತೂಕದ ಬೆಲೆ, ಅಷ್ಟೇ."

ಅವ್ವ ಸೆರಗು ಎಳೆದುಕೊಂಡಳು. ನಾನು ಜೇಬಿನಿಂದ ಎಂಟನೆಯದನ್ನು ತೆಗೆದಿಟ್ಟೆ. ಅಜ್ಜಿಯ ಡಬ್ಬಿಯ ತಳದಲ್ಲಿ ಇದ್ದಿಲಿನ ಹಾಗೆ ಬಿದ್ದಿದ್ದದ್ದು.

"ಲೇ, ಅದನ್ಯಾಕ ತಂದಿ? ಖೊಟ್ಟಿ ಅದು. ನಮ್ಮವ್ವ ಪೂಜಿಗೂ ಇಡ್ತಿದ್ದಿಲ್ಲ."

ಅವರು ಅದನ್ನು ಎತ್ತಿಕೊಂಡರು. ಪುಟ್ಟ ತಕ್ಕಡಿಯಲ್ಲಿ ತೂಗಿದರು. ವರ್ನಿಯರ್‌ನಲ್ಲಿ ದಪ್ಪ ಅಳೆದರು. ಅಂಚಿನ ಗೀರುಗಳನ್ನು ಉಗುರಿನಿಂದ ಸವರಿದರು. ಆಮೇಲೆ ಬೆರಳ ತುದಿಯ ಮೇಲಿಟ್ಟು ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿದರು. ಸಣ್ಣಗೆ ಎದ್ದ ನಾದ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಮೂವರೂ ಉಸಿರು ಬಿಗಿಹಿಡಿದು ಕೇಳಿದೆವು.

"ಅಪ್ಪಟ ಬೆಳ್ಳಿ ಕಣಮ್ಮಾ. ಬನ್ನಿ ಸಾರ್, ನೋಡಿ."

ಭೂತಗನ್ನಡಿಯಲ್ಲಿ ಕಣ್ಣಿಟ್ಟೆ. ಗಡ್ಡದ ಒಂದೊಂದು ಎಳೆಯೂ ಬೇರೆಬೇರೆ! ಕಿರೀಟದಲ್ಲಿ ಸಾಸಿವೆಗಿಂತ ಸಣ್ಣ ಮುತ್ತುಗಳ ಸಾಲು. ಹಿಂಬದಿಯ ಹೂವಿನ ಕೆಳಗೆ ಒಂದು ಚುಕ್ಕೆ, ಟಂಕಸಾಲೆಯ ಗುರುತಂತೆ.

"ಇದರ ಮೇಲಿರೋ ವರ್ಷದ್ದು, ಆ ಚುಕ್ಕೆ ಇರೋದು ಸಿಗೋದೇ ಕಮ್ಮಿ. ಇದರ ಅಚ್ಚನ್ನ ಯಾರೋ ಉಕ್ಕಿನಲ್ಲಿ ಉಲ್ಟಾ ಕೆತ್ತಿದಾನೆ ಸಾರ್. ಜೀವಮಾನ ಎಲ್ಲಾ ಮಷೀನ್ ಜೊತೆಗೇ ಕಳೆದೆ, ನಂಗೆ ಈಗ್ಲೂ ನಂಬಕ್ಕಾಗಲ್ಲ," ಎಂದರು. ಅವರ ದನಿ ಪಿಸುಮಾತಿಗೆ ಇಳಿದಿತ್ತು.

ಅವ್ವ ಹತ್ತಿರ ಸರಿದಳು. "ಇದೊಂದು ಕೊಟ್ರ ಕರಡಿಗಿ ಆಗ್ತೈತೇನ್ರಿ?"

"ಎರಡಾಗುತ್ತೆ. ಮಿಕ್ಕ ಏಳನ್ನೂ ಕರಗಿಸ್ಬೇಡಿ. ಉಜ್ಜಲೂಬೇಡಿ! ಕೊಳ್ಳೋರು ಗೊತ್ತಿದಾರೆ, ಈಗ್ಲೇ ಫೋನ್ ಮಾಡ್ಲಾ?"

ಅವ್ವ ಹೂಂ ಎಂದು ಭೂತಗನ್ನಡಿಗೆ ಕೈಚಾಚಿದಳು. ಬಾಗಿ ನೋಡಿದಳು. ನಾಣ್ಯವನ್ನು ತಿರುಗಿಸಿ ಮತ್ತೆ ನೋಡಿದಳು.

"ಇಷ್ಟೆಲ್ಲಾ ಇತ್ತೇನೋ ಇದರಾಗ? ನಮ್ಮವ್ವ ನೋಡಲೇ ಇಲ್ಲಲ್ಲೋ."

ಅವರು ಫೋನ್ ಕೈಗೆತ್ತಿಕೊಂಡರು. ಅವ್ವ ತಲೆಯೆತ್ತದೆಯೇ ಅಂಗೈ ತೋರಿಸಿ ತಡೆದಳು.

"ಕೊಡ್ತೇನ್ರೀ, ಕೊಡಂಗಿಲ್ಲ ಅಂದಿಲ್ಲ. ಇನ್ನೊಂದೀಟು ನೋಡಿ ಕೊಡ್ತೇನಿ."